ಮೀಸಲು ಗಾಳಿ

ನನ್ನ ಕತ್ತರಿ ಮುಟ್ಟಿದವರ ಗತಿ ಏನಾಗುತ್ತದೆ ಎಂದು ನಮ್ಮ ಬೀದಿಗೆಲ್ಲ ಗೊತ್ತು. ಹೊಸದುರ್ಗದಲ್ಲಿ ಇಪ್ಪತ್ತೆಂಟು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ ಯಾರಾದರೂ ಕಾಗದ ಕತ್ತರಿಸಿದರೆ ನನಗೆ ಅಂಗಾಲಿಂದ ನೆತ್ತಿಯವರೆಗೆ ಉರಿಯುತ್ತದೆ. ಒಮ್ಮೆ ನನ್ನ ಗಂಡ ಅದರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸಿ, ಲುಂಗಿಗೆ ಒರೆಸಿ, ಏನೂ ಆಗದವರ ಹಾಗೆ ಜಾಗದಲ್ಲಿಟ್ಟಿದ್ದರು. ಹಾಲಿನ ವಾಸನೆ ಬಾರದೆ ಇರುತ್ತದೆಯೇ? ಮೂರು ದಿನ ಅವರೊಂದಿಗೆ ಮಾತು ಬಿಟ್ಟೆ. ಅವರ ವಾದ ಒಂದೇ. "ಕಬ್ಬಿಣ ಕಬ್ಬಿಣಾನೇ ಕಣೇ. ಅದಕ್ಕೇನು ಗೊತ್ತಾಗುತ್ತೆ ಬಟ್ಟೆ ಯಾವ್ದು, ಪ್ಯಾಕೆಟ್ ಯಾವ್ದು ಅಂತ?"

ಈ ಮಾತು ನೆನಪಿಟ್ಟುಕೊಳ್ಳಿ. ಇದೇ ವಾದ ಮುಂದೆ ನಮ್ಮತ್ತೆಯ ಮೂಗಿನವರೆಗೆ ಹೋಯಿತು.

ನನ್ನ ಗಂಡನದು ಹೊಳಲ್ಕೆರೆ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ ಸರಳು, ಟ್ರ್ಯಾಕ್ಟರ್ ಟ್ರೈಲರ್ ರಿಪೇರಿ ಎಲ್ಲ ಮಾಡುತ್ತಾರೆ. ದಪ್ಪ ಕಬ್ಬಿಣ ಕೊಯ್ಯಬೇಕಾದರೆ ಗ್ಯಾಸು ಬೇಕು, ಆ ಗ್ಯಾಸು ಭರ್ರೆಂದು ಉರಿಯಲು ಆಕ್ಸಿಜನ್ ಬೇಕು. ಎದೆಯುದ್ದದ ಕರಿ ಸಿಲಿಂಡರುಗಳು ಹಿರಿಯೂರು ಕಡೆಯಿಂದ ಲಾರಿಯಲ್ಲಿ ಬರುತ್ತವೆ. ಖಾಲಿಯದನ್ನು ಕೊಟ್ಟು ತುಂಬಿದ್ದನ್ನು ಇಳಿಸಿಕೊಳ್ಳುವುದು ವಾಡಿಕೆ. ನಾನು ಮದುವೆಯಾಗಿ ಬರುವ ಮೊದಲೇ ಈ ಮನುಷ್ಯನಿಗೂ ಆಕ್ಸಿಜನ್ನಿಗೂ ಸಂಸಾರ ಶುರುವಾಗಿತ್ತು. ಎಣ್ಣೆ ಕೈಯಲ್ಲಿ ಸಿಲಿಂಡರ್ ಮುಟ್ಟಿದವರ ಮೇಲೆ ಅವರು ಹುಲಿಯಂತೆ ಎಗರುತ್ತಾರೆ. ಎಣ್ಣೆಯೂ ಆಕ್ಸಿಜನ್ನೂ ಸೇರಿದರೆ ಬೆಂಕಿ ತಾನಾಗಿಯೇ ಹತ್ತುತ್ತದಂತೆ. "ಅದು ನನ್ನ ಕೈಯಾಗೆ ಪಳಗಿದ ಎತ್ತು" ಎಂದು ಮೀಸೆ ತಿರುವುತ್ತಿದ್ದರು. ಆ ವಿಷಯದಲ್ಲಿ ಅವರಿಗೆ ಬುದ್ಧಿ ಹೇಳುವ ಗಂಡಸು ಜಿಲ್ಲೆಯಲ್ಲಿ ಹುಟ್ಟಿರಲಿಲ್ಲ.

ಹೆಂಗಸು ಹುಟ್ಟಿದ್ದರು, ಬಾಗೂರು ಕಡೆ. ಅವರೇ ನಮ್ಮತ್ತೆ.

ಅತ್ತೆಯ ತವರಿನವರು ಕುರಿ ಸಾಕಿದವರು. ಎಂಬತ್ತು ದಾಟಿದರೂ ಬಾಯಿ ಇಪ್ಪತ್ತರದ್ದು. ಜೀವಮಾನವಿಡೀ ಸೌದೆ ಒಲೆ ಊದಿ ಊದಿ ಅವರ ಶ್ವಾಸಕೋಶ ಹೊಗೆಗೂಡಾಗಿತ್ತು. ಒಂದು ಚಳಿಗಾಲ ಉಸಿರು ಕಟ್ಟಿ, ಚಿತ್ರದುರ್ಗದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದರು. ಅಲ್ಲಿಯ ನರ್ಸಮ್ಮ ಪಾಪ, ಒಳ್ಳೆಯವಳು, "ಅಜ್ಜೀ, ಸುಸ್ತಾದಾಗ ತುಟಿ ಕೂಡಿಸಿ ಒಲೆ ಊದೋ ಹಂಗೆ ನಿಧಾನಕ್ಕೆ ಉಸಿರು ಬಿಡ್ರಿ" ಎಂದು ಹೇಳಿಕೊಟ್ಟಳು. ಅತ್ತೆ ಅವಳನ್ನೇ ದಿಟ್ಟಿಸಿ, "ಒಲೆ ಊದೀ ಊದೀನೇ ಈ ಗತಿ ಬಂದಿರೋದು ತಾಯಿ. ಮತ್ತೂ ಊದು ಅಂತೀಯಲ್ಲ" ಎಂದರು. ಇಡೀ ವಾರ್ಡು ನಕ್ಕಿತು.

ಬಿಡುಗಡೆ ಮಾಡುವಾಗ ಡಾಕ್ಟರು ಮೂರು ಮಾತು ಹೇಳಿದರು. ಮನೆಯಲ್ಲಿ ಆಕ್ಸಿಜನ್ ಮಾಡುವ ಮಿಷನ್ನು ಇಡಬೇಕು, ದಿನದ ಬಹುಭಾಗ ಮೂಗಿಗೆ ಕೊಳವೆ ಇರಬೇಕು. ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿನಲ್ಲಿ ರಕ್ತದ ಆಕ್ಸಿಜನ್ ಎಂಬತ್ತೆಂಟಕ್ಕಿಂತ ಕೆಳಗೆ ಇಳಿಯಬಾರದು. ಕರೆಂಟು ಹೋದರೆ ಮಿಷನ್ನು ನಿಲ್ಲುತ್ತದೆ, ಆದ್ದರಿಂದ ಒಂದು ಸಿಲಿಂಡರು ಕಡ್ಡಾಯವಾಗಿ ಪಕ್ಕದಲ್ಲಿರಲಿ.

ಬಾಡಿಗೆ ಕಾರಿನಲ್ಲಿ ಊರಿಗೆ ಬರುವಾಗ ದಾರಿಯುದ್ದಕ್ಕೂ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಅತ್ತೆ ಕಿಟಕಿಯಲ್ಲಿ ನೋಡುತ್ತ ಬಂದು, "ಅಲ್ಲಿ ಗಾಳೀಲಿ ಕರೆಂಟ್ ತೆಗೀತಾರೆ. ಆ ಕರೆಂಟ್‌ನಾಗೆ ನೀವು ನನಗೆ ಗಾಳಿ ತೆಗೀತೀರಿ. ನನ್ನನ್ನ ಆ ಗುಡ್ಡದ ಮ್ಯಾಲೇ ಕುಂದ್ರಿಸಿದ್ರೆ ಆಗ್ತಿರ್ಲಿಲ್ವೇನೇ?" ಎಂದರು.

ಮಿಷನ್ನು ಬಂತು. ಮೂಗಿಗೆ ಕೊಳವೆ ಹಾಕಿದ ಕೂಡಲೇ ಅತ್ತೆ, "ಎತ್ತಿಗೆ ಹಾಕ್ದಂಗೆ ನನಗೂ ಮೂಗುದಾಣ ಹಾಕಿದ್ರಾ" ಎಂದರು. ಮಿಷನ್ನಿಗೆ ಮನೆಯಳಿಯ ಎಂದು ಹೆಸರಿಟ್ಟರು. ಬಂದವನು ಮೂಲೆ ಹಿಡಿದು ಕುಂತ, ಇಪ್ಪತ್ತನಾಲ್ಕು ತಾಸೂ ಗುರ್ ಅಂತಾನೆ, ಏಳು ಅಂದರೆ ಏಳಲ್ಲ, ಹೋಗು ಅಂದರೆ ಹೋಗಲ್ಲ, ಇನ್ನೇನನ್ನಬೇಕು ಎಂಬುದು ಅವರ ಪ್ರಶ್ನೆ.

ಉಳಿದದ್ದು ಸಿಲಿಂಡರು. ನಾನು ಚಿತ್ರದುರ್ಗದ ಬಾಡಿಗೆ ಅಂಗಡಿಗೆ ಫೋನು ಹಚ್ಚುತ್ತಿದ್ದಂತೆ ಗಂಡ ಕೆಂಡವಾದರು.

"ಮನ್ಯಾಗೆ ಹಸು ಕಟ್ಟಿಕೊಂಡು ಡೈರಿಗೆ ಹಾಲಿಗೆ ಹೋಗ್ತೀಯಾ? ಅಂಗಡಿಯಾಗೆ ಮೂರು ತುಂಬಿದ ಸಿಲಿಂಡರ್ ಅವೆ!"

"ಅವು ಕಬ್ಬಿಣ ಕೊಯ್ಯೋವು ಕಣ್ರೀ. ಇದು ಮನುಷ್ಯರಿಗೆ."

"ಒಂದೇ ಕಾರ್ಖಾನೆ, ಒಂದೇ ಟ್ಯಾಂಕು, ಒಂದೇ ಗಾಳಿ. ಕತ್ತಿಗೆ ಬಿಳೀ ಬಣ್ಣ ಬಳ್ದು ಮೆಡಿಕಲ್ ಅಂತಾರೆ, ಅಷ್ಟೇಯ."

ಬಣ್ಣದ ಮಾತು ನಿಜ. ಆಸ್ಪತ್ರೆಯ ಸಿಲಿಂಡರಿಗೆ ಮೈ ಕಪ್ಪು, ಕತ್ತು ಬಿಳುಪು. ವೆಲ್ಡಿಂಗಿನದು ಅಡಿಯಿಂದ ಮುಡಿಯವರೆಗೆ ಕಪ್ಪು. ನಾನು ಫೋನಿನಲ್ಲಿ ಬಾಡಿಗೆ ಅಂಗಡಿಯವನನ್ನೇ ಕೇಳಿದೆ. ಅವನು ಅಂದ, "ಅಕ್ಕಾ, ಗಾಳಿ ಒಂದೇ ಇರಬೌದು. ನಮ್ದು ತುಂಬೋಕೆ ಮುಂಚೆ ಒಳಗಿರೋದನ್ನೆಲ್ಲ ಎಳೆದು ಖಾಲಿ ಮಾಡ್ತಾರೆ, ತುಂಬಿದ ಮ್ಯಾಲೆ ಪರೀಕ್ಷೆ ಮಾಡ್ತಾರೆ, ಚೀಟಿ ಕಟ್ತಾರೆ. ಬ್ಯಾರೆ ಯಾವ ಕೆಲಸಕ್ಕೂ ಆ ಸಿಲಿಂಡರ್ ಬಳಸಂಗಿಲ್ಲ. ವೆಲ್ಡಿಂಗಿಂದು ಉರಿದ್ರೆ ಸಾಕು ನೋಡ್ರಿ, ಒಳಗೆ ಏನು ಸೇರೈತೆ ಅಂತ ಯಾರೂ ಕೇಳಲ್ಲ."

"ಕೊರೊನಾದಾಗೆ ನಮ್ಮ ಸಿಲಿಂಡರನ್ನೇ ಆಸ್ಪತ್ರೆಗೆ ಹೊತ್ಕಂಡು ಹೋಗ್ಲಿಲ್ವಾ? ಆವಾಗ ಯಾರೂ ಜಾತಿ ಕೇಳ್ಲಿಲ್ಲ!" ಎಂದು ಗಂಡ ಫೋನಿಗೆ ಕೇಳುವಂತೆ ಕೂಗಿದರು.

"ತೊಳ್ದು, ಪರೀಕ್ಷೆ ಮಾಡಿ, ಬಣ್ಣ ಬಳ್ದು ತಗಂಡ್ರಂತೆ."

"ನೀನು ನೋಡಿದ್ಯಾ?"

"ನೀವು ನೋಡಿದ್ರಾ?"

ಇಬ್ಬರೂ ನೋಡಿರಲಿಲ್ಲ. ನಾನು ಬಾಡಿಗೆಯವನಿಗೆ ಕಳಿಸು ಎಂದೆ. ಗಂಡ ಮುಖ ಗಂಟಿಕ್ಕಿಕೊಂಡು ಅಂಗಡಿಗೆ ಹೋದರು. ಅವರಿಗೆ ಸಿಟ್ಟು ಬಂದದ್ದು ಸಿಲಿಂಡರಿಗಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಜೀವಮಾನವಿಡೀ ಆಕ್ಸಿಜನ್ನಿನ ಜೊತೆ ದುಡಿದವನು ತಾಯಿಯ ಉಸಿರಿಗೆ ಅದನ್ನು ಕೊಡಲಾಗದೆ ಹೋದರೆ ಅದು ಸಣ್ಣ ಅವಮಾನವೇ?

ಮಂಗಳವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಲೈನ್ ಕೆಲಸ, ಕರೆಂಟಿಲ್ಲ ಎಂದು ಪ್ರಕಟಣೆ ಬಂತು. ಬಾಡಿಗೆ ಸಿಲಿಂಡರಿನ ಗಾಡಿ ಅವತ್ತು ಒಂಬತ್ತಕ್ಕೆ ಬರಬೇಕಿತ್ತು. ಎಂಟೂವರೆಗೆ ಫೋನು ಮಾಡಿದರೆ ಡ್ರೈವರು, "ಬಂದ್ವಿ ಅಕ್ಕಾ, ಹೊಳಲ್ಕೆರೆ ಹತ್ರ ಇದೀವಿ" ಎಂದ. ಈ ಊರಿನ ಡ್ರೈವರುಗಳು ಹೊಳಲ್ಕೆರೆ ಹತ್ತಿರ ಇದ್ದೇವೆ ಎಂದರೆ ಇನ್ನೂ ಚಿತ್ರದುರ್ಗದಲ್ಲಿ ತಿಂಡಿ ತಿನ್ನುತ್ತಿದ್ದಾರೆ ಎಂದು ಅರ್ಥ. ಅದು ಗೊತ್ತಿದ್ದೂ ನಂಬಿದೆ.

ಆದರೆ ಹದಿನೈದೇ ನಿಮಿಷಕ್ಕೆ ನನ್ನ ಗಂಡ ಕೈಗಾಡಿಯಲ್ಲಿ ಸಿಲಿಂಡರು ತಳ್ಳಿಕೊಂಡು ಬಂದರು. ಕಪ್ಪು ಮೈ, ಬಿಳೀ ಕತ್ತು.

"ಬಂತೇನ್ರೀ!" ಎಂದು ನಾನು ಹಿಗ್ಗಿದೆ. "ಗಾಡಿ ಬಸ್‌ಸ್ಟ್ಯಾಂಡ್ ಹತ್ರ ಸಿಕ್ತು" ಎಂದು ನನ್ನ ಮುಖ ನೋಡದೆ ಹೇಳಿದರು. ಪಾಪ, ಗಂಡ ಸೋತು ಒಪ್ಪಿಕೊಂಡರಲ್ಲ ಎಂದು ಎರಡು ಒಳ್ಳೆ ಮಾತನ್ನೂ ಆಡಿದೆ. ಅಷ್ಟು ವರ್ಷ ಸಂಸಾರ ಮಾಡಿದವಳು ಆ ತಿರುಗಿಸಿದ ಮುಖ ನೋಡಿಯೇ ಹುಷಾರಾಗಬೇಕಿತ್ತು.

ಅತ್ತೆ ಹುಷಾರಾಗಿದ್ದರು. "ಇಲ್ಲಿ ತಾರ್ಲೇ, ಹತ್ರ" ಎಂದರು. ಸಿಲಿಂಡರು ಮಂಚದ ಪಕ್ಕ ನಿಂತಿತು. ಅತ್ತೆ ತೋರುಬೆರಳಿನಿಂದ ಅದರ ಬಿಳೀ ಕತ್ತನ್ನು ಉದ್ದಕ್ಕೆ ಒಮ್ಮೆ ಸವರಿದರು. ಬೆರಳು ಬೆಳ್ಳಗಾಯಿತು, ಕತ್ತಿನ ಮೇಲೆ ಕಪ್ಪು ಗೆರೆ ಬಿತ್ತು. ಬೆರಳನ್ನು ಮೂಸಿದರು. ತುದಿನಾಲಿಗೆಗೆ ಮುಟ್ಟಿಸಿದರು.

"ಲೇ. ಇದು ಸುಣ್ಣ."

"ಬಣ್ಣ ಕಣವ್ವಾ. ಹೊಸ ಬಣ್ಣ, ಆರಿಲ್ಲ."

"ಅರವತ್ತು ವರ್ಷ ಎಲೆಗೆ ಸವರಿದೀನಿ. ಸುಣ್ಣ ಯಾವ್ದು ಬಣ್ಣ ಯಾವ್ದು ಅಂತ ನನಗೆ ಹೇಳಿಕೊಡ್ತೀಯಾ? ನಮ್ಮ ಹಿತ್ತಲ ಗಡಿಗೇದೇ ಇದು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಿನಗೆ ಹೇಳಿಕೊಟ್ಟೋಳೇ ನಾನು. ಕಬ್ಬಿಣದ ಕಣ್ಣಿಗೆ ಬೆಣ್ಣೆ, ಹೆತ್ತೋಳ ಕಣ್ಣಿಗೆ ಸುಣ್ಣವೇನೋ!"

ಆಗ ನಾನು ಹಾಕಿದ ಕೂಗು ಮೂರನೇ ಮನೆಗೆ ಕೇಳಿತಂತೆ. ಈ ಮನುಷ್ಯ ಮಾಡಿದ್ದು ನೋಡಿ, ಬೆಳಕು ಹರಿಯುವ ಮುನ್ನ ಹಿತ್ತಲಿನ ಸುಣ್ಣದ ಗಡಿಗೆಯಲ್ಲಿ ಬ್ರಷ್ ಅದ್ದಿ, ಅಂಗಡಿಯ ಸಿಲಿಂಡರಿನ ಕತ್ತಿಗೆ ಬಳಿದು ತಂದಿದ್ದರು. ಪೇಂಟನ್ನೇ ಏಕೆ ಬಳಿಯಲಿಲ್ಲ ಎಂದರೆ, "ಎಣ್ಣೆ ಪೇಂಟು ಆಕ್ಸಿಜನ್ ಹತ್ರ ಅಪಾಯ ಅಲ್ವಾ" ಎಂದು ನನಗೇ ಪಾಠ! ಮೋಸ ಮಾಡುವಾಗಲೂ ಜಾಗರೂಕತೆ ತಪ್ಪಿಲ್ಲ ನನ್ನ ರಾಯರದು.

ಅತ್ತೆ ಕೂಗಲಿಲ್ಲ. ಮಗನನ್ನು ಮಂಚದ ಅಂಚಿಗೆ ಕೂರಿಸಿಕೊಂಡರು. "ನಮ್ಮ ತವರುಮನ್ಯಾಗೆ ಮೀಸಲು ಗಡಿಗೆ ಇತ್ತು, ಗೊತ್ತೇನೋ" ಎಂದು ಶುರು ಮಾಡಿದರು. ದೇವರ ಹಬ್ಬಕ್ಕೆ ಮುಂಚೆ ಕೆಲವು ದಿನದ ಹಾಲನ್ನು ಮೀಸಲು ತೆಗೆದಿಡುತ್ತಿದ್ದರಂತೆ. ಅದೇ ಹಸು, ಅದೇ ಹಾಲು. ಆದರೆ ಅದಕ್ಕೊಂದು ಬೇರೆ ಗಡಿಗೆ. ಆ ಗಡಿಗೆಗೆ ಬೇರೇನೂ ಬೀಳುವಂತಿಲ್ಲ, ಹಬ್ಬದವರೆಗೆ ಆ ಹಾಲನ್ನು ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಹುಡುಗಿಯಾಗಿದ್ದಾಗ ಅತ್ತೆ ಒಮ್ಮೆ ಮರೆತು ಅದರಲ್ಲಿ ಮಜ್ಜಿಗೆ ಹಾಕಿದ್ದರು. ಹೆದರಿ, ಮೂರು ಸಲ ಬೂದಿ ಹಚ್ಚಿ ತಿಕ್ಕಿ, ಬಿಸಿಲಿಗಿಟ್ಟರು. ಆದರೂ ಅವರ ತಾಯಿ ಆ ಗಡಿಗೆಯನ್ನು ದೇವರ ಕೋಣೆಗೆ ಸೇರಿಸಲಿಲ್ಲ, ಕೋಳಿಗೆ ನೀರಿಡಲು ಇಟ್ಟರು.

"ಹಾಲು ಕೆಟ್ಟದ್ದು ಅಂತಲ್ಲ ಕಣಲೇ. ಗಡಿಗೆಯಾಗೆ ಮೊದ್ಲು ಏನಿತ್ತು ಅಂತ ಎದೆ ಮುಟ್ಟಿಕೊಂಡು ಹೇಳಂಗಿರಬೇಕು. ಮೀಸಲು ಅಂದ್ರೆ ಅಷ್ಟೇಯ. ಈಗ ಹೇಳು, ನಿನ್ನ ಈ ಗಡಿಗೆಯಾಗೆ ಮೊದ್ಲು ಏನಿತ್ತು?"

ಗಂಡ ಸಿಲಿಂಡರು ನೋಡಿದರು. "ಆಕ್ಸಿಜನ್ನೇ ಇತ್ತು" ಎಂದರು.

"ಅದಕ್ಕೆ ಮೊದ್ಲು? ಯಾರ ಅಂಗಡಿಯಾಗಿತ್ತು? ಒಳಗೆ ಏನು ಹೊಕ್ಕಿತ್ತು?"

ಅವರು ಎದ್ದು, "ನಿಮಗೆಲ್ಲ ಹೇಳಿ ಪ್ರಯೋಜನ ಇಲ್ಲ" ಎಂದು ಸಿಲಿಂಡರನ್ನು ಅಲ್ಲೇ ಬಿಟ್ಟು ಅಂಗಡಿಗೆ ಹೋದರು. ಅತ್ತೆ ನನ್ನತ್ತ ತಿರುಗಿ, "ನಿನ್ನ ಕತ್ತರೀದೂ ಇದೇ ಕತೆ ಅಲ್ವೇನೇ?" ಎಂದರು. ಆ ಮನೆಯಲ್ಲಿ ಮೊದಲ ಸಲ ಯಾರೋ ನನ್ನ ಕತ್ತರಿಯ ಪರ ಮಾತಾಡಿದ್ದರು. ನನಗೆ ಅತ್ತೆಯ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು.

ಹತ್ತಕ್ಕೆ ಹೋಗಬೇಕಾದ ಕರೆಂಟು ಒಂಬತ್ತು ನಲವತ್ತಕ್ಕೇ ಹೋಯಿತು. ಮನೆಯಳಿಯ ಕೀ ಎಂದು ಒಮ್ಮೆ ಚೀರಿ ಸುಮ್ಮನಾದ. ಇಪ್ಪತ್ತನಾಲ್ಕು ತಾಸೂ ಬೈಸಿಕೊಳ್ಳುತ್ತಿದ್ದ ಆ ಗುರ್ ಸದ್ದು ನಿಂತ ಮೇಲೆ ಮನೆಯೇ ಖಾಲಿಯಾದಂತಾಯಿತು. ನಮ್ಮ ಇನ್ವರ್ಟರು ಎರಡು ಬಲ್ಬು, ಒಂದು ಫ್ಯಾನಿಗೇ ಸುಸ್ತಾಗುವಂಥದ್ದು.

ಕ್ಲಿಪ್ಪಿನಲ್ಲಿ ತೊಂಬತ್ತೊಂದು ಇತ್ತು. ಡ್ರೈವರಿಗೆ ಫೋನು ಮಾಡಿದೆ. "ಹೊಳಲ್ಕೆರೆ ಹತ್ರ" ಎಂದ. ಅವನ ಹೊಳಲ್ಕೆರೆಗೆ ಬೆಂಕಿ ಹಾಕ! ಎಂಬತ್ತೊಂಬತ್ತು. ಗಂಡನಿಗೆ ಫೋನು ಮಾಡಿದೆ. ಎಂಬತ್ತೇಳು. ಅತ್ತೆ ಎದ್ದು ಕೂತು, ಮಂಡಿಯ ಮೇಲೆ ಕೈಯೂರಿ, ನರ್ಸಮ್ಮ ಹೇಳಿಕೊಟ್ಟಂತೆ ತುಟಿ ಕೂಡಿಸಿ ಊದತೊಡಗಿದರು. ಮಾತೇ ಇಲ್ಲ. ಆ ಬಾಯಿ ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಬಹಳ ಭಯವಾಯಿತು. ಆಟೋದವರಿಗೆ ಹೇಳಿ ಬಾಗಿಲಿಗೆ ಕರೆಸಿದೆ, ಆಸ್ಪತ್ರೆಗೆ ಹೋಗೋಣ ಎಂದೆ. ಅತ್ತೆ ಹೊಸ್ತಿಲ ತನಕದ ನಾಲ್ಕು ಹೆಜ್ಜೆಯನ್ನೂ ಇಡಲಾರದೆ ಮತ್ತೆ ಮಂಚಕ್ಕೆ ಕುಸಿದರು.

ಗಂಡ ಓಡಿ ಬಂದಾಗ ಎಂಬತ್ತಮೂರು ಇತ್ತು. ಸುಣ್ಣದ ಕತ್ತಿನ ಸಿಲಿಂಡರು ಅಲ್ಲೇ ನಿಂತಿತ್ತು. ಅದನ್ನು ತೆಗೆಯುವ ಚಾವಿ ಅವರ ಜೇಬಿನಲ್ಲಿತ್ತು.

"ತೆಗೀರಿ!" ಎಂದು ನಾನೇ ಕೂಗಿದೆ. ಹೌದು, ನಾನೇ. ಒಂದು ವಾರದಿಂದ ಅದು ಬೇಡ ಎಂದು ಜಗಳವಾಡಿದವಳು. "ಯಾವ ಗಾಳಿಯಾದ್ರೂ ಸರಿ ತೆಗೀರಿ, ಹೋಗ್ತಾರೆ ಅವರು!"

ಅವರು ಚಾವಿ ಹಾಕಿದರು. ತಿರುಗಿಸಲಿಲ್ಲ.

"ಹೋದ ತಿಂಗಳು ಕಬ್ಬಿಣ ಕೊಯ್ಯೋ ಟಾರ್ಚ್ ಹಿಂದಕ್ಕೆ ಹೊಡೀತು ಕಣೇ" ಎಂದರು. "ಉರಿ ಪೈಪಿನೊಳಗೆ ಹೊಕ್ಕಿತ್ತು. ಆವಾಗ ಇದೇ ಸಿಲಿಂಡರ್ ಇತ್ತೋ, ಬ್ಯಾರೆ ಇತ್ತೋ, ಒಳಗೆ ಗ್ಯಾಸು ಹೋಗೈತೋ ಏನೋ. ಇದರಾಗೆ ಏನೈತೆ ಅಂತ ನನಗೆ ಗೊತ್ತಿಲ್ಲ. ಕಬ್ಬಿಣಕ್ಕಾದ್ರೆ ಕೊಡ್ತೀನಿ. ಅವ್ವನ ಮೂಗಿಗೆ ಹೆಂಗೆ ಕೊಡ್ಲಿ?"

ಆಕ್ಸಿಜನ್ ವಿಷಯದಲ್ಲಿ ಗೊತ್ತಿಲ್ಲ ಎಂಬ ಮಾತು ಆ ಮನುಷ್ಯನ ಬಾಯಲ್ಲಿ ಬಂದದ್ದು ಅವತ್ತೊಂದೇ ಸಲ. ನಾನು ಅಳತೊಡಗಿದೆ.

ಆಗ ಅತ್ತೆ ಕೈಯೆತ್ತಿದರು. ಒಂದು ಉಸಿರಿಗೆ ಒಂದು ಮಾತಿನಂತೆ, "ಲೇ... ಡಬಡಬಿ... ತತ್ತಾರಲೇ" ಎಂದರು.

ಡಬಡಬಿ ಎಂದರೆ ಅಂಗಡಿಯ ಜನರೇಟರು. ಕರೆಂಟಿಲ್ಲದ ಕಡೆ ವೆಲ್ಡಿಂಗ್ ಮಾಡಲು ಗಂಡ ಅದನ್ನು ಚಕ್ರದ ಗಾಡಿಯ ಮೇಲೆ ಕೂರಿಸಿ ಊರೂರಿಗೆ ಎಳೆದುಕೊಂಡು ಹೋಗುತ್ತಿದ್ದರು. ಅದರ ಸದ್ದಿಗೆ ಅತ್ತೆ ಇಟ್ಟ ಹೆಸರು ಅದು. ವಾರವಿಡೀ ನಾವಿಬ್ಬರು ಬುದ್ಧಿವಂತರು ಯಾವ ಗಾಳಿ ಒಳ್ಳೆಯದು ಎಂದು ಕಿತ್ತಾಡಿದೆವು. ಮಿಷನ್ನಿಗೆ ಕರೆಂಟು ಕೊಟ್ಟರೆ ಸಾಕು ಎಂಬುದು ಇಬ್ಬರ ತಲೆಗೂ ಹೊಳೆದಿರಲಿಲ್ಲ!

ಗಂಡ ಓಡಿದ ಓಟಕ್ಕೆ ಚಪ್ಪಲಿ ಬಾಗಿಲಲ್ಲೇ ಉಳಿಯಿತು. ಅವರೂ ಪಕ್ಕದ ಟಿಂಕರಿಂಗ್ ಅಂಗಡಿಯ ಭಾಯಿಯೂ ಸೇರಿ ಡಬಡಬಿಯನ್ನು ಎರಡು ಬೀದಿ ತಳ್ಳಿಕೊಂಡು ಬಂದರು. ಅಷ್ಟು ಹೊತ್ತು ನಾನು ಅತ್ತೆಯ ಬೆನ್ನು ನೀವುತ್ತ, ಅವರ ಜೊತೆ ನಾನೂ ತುಟಿ ಕೂಡಿಸಿ ಊದುತ್ತ ಕೂತಿದ್ದೆ. ಎಂಬತ್ತೊಂದು. ಎಂಬತ್ತು. ಹೊಗೆ ಒಳಗೆ ಬಾರದಂತೆ ಜನರೇಟರನ್ನು ರಸ್ತೆಯ ಆಚೆ ನಿಲ್ಲಿಸಿ, ಉದ್ದದ ವೈರನ್ನು ಕಿಟಕಿಯಿಂದ ಒಳಗೆ ಎಸೆದರು. ಮನೆಯಳಿಯ ಮತ್ತೆ ಗುರ್ ಎಂದ. ಆ ಸದ್ದು ನನಗೆ ಮಂಗಳವಾದ್ಯವಾಗಿ ಕೇಳಿತು.

ಎಂಬತ್ತೆರಡು, ಎಂಬತ್ತಾರು, ಎಂಬತ್ತೊಂಬತ್ತು. ತೊಂಬತ್ತು ಕಂಡ ಮೇಲೆ ನನ್ನ ಗಂಡ ನೆಲದ ಮೇಲೆ ಕೂತು ಮಗುವಿನ ಹಾಗೆ ಬಿಕ್ಕಿದರು. ಅತ್ತೆ ಅವರ ತಲೆಯ ಮೇಲೆ ಕೈಯಿಟ್ಟು, "ಅಳಬ್ಯಾಡಲೇ. ಮೂಗು ಒರೆಸಿದ ಕೈಲಿ ನನ್ನ ಕೊಳವೆ ಮುಟ್ಟಬ್ಯಾಡ" ಎಂದರು.

ಬಾಡಿಗೆ ಸಿಲಿಂಡರು ಹನ್ನೆರಡೂವರೆಗೆ ಬಂತು. ಡ್ರೈವರು ಬೈಗುಳ ತಿಂದು, ಮಜ್ಜಿಗೆ ಕುಡಿದು ಹೋದ. ಅತ್ತೆ ಅದರ ಬಿಳೀ ಕತ್ತನ್ನೂ ಸವರಿ, ಬೆರಳು ನೋಡಿ, ತಲೆಯಾಡಿಸಿದರು. ಗಂಡ ಅದಕ್ಕೆ ಕಟ್ಟಿದ ಚೀಟಿಯನ್ನು ಕನ್ನಡಕ ಹಾಕಿಕೊಂಡು, ತುಂಬಿದ್ದು ಯಾವತ್ತು, ಪರೀಕ್ಷೆಯಾದದ್ದು ಯಾವತ್ತು ಎಂದು ತಾಯಿಗೆ ಜೋರಾಗಿ ಓದಿ ಹೇಳಿದರು. "ಹಾಂ, ಇದು ಮೀಸಲು" ಎಂದರು ಅತ್ತೆ.

ಅವರು ಮುಂದಿನ ಯುಗಾದಿ ಕಂಡರು. ಅದರ ಮುಂದಿನದಕ್ಕೆ ಇರಲಿಲ್ಲ. ಮೂಗುದಾಣ ಬಿಚ್ಚಿಕೊಂಡು, ನಿದ್ದೆಯಲ್ಲೇ ಸುಮ್ಮನೆ ಹೋದರು. ಮನೆಯಳಿಯನನ್ನು ವಾಪಸ್ ಕಳಿಸಿದ ದಿನ ನನಗೆ ನಿದ್ದೆಯೇ ಬರಲಿಲ್ಲ.

ಸುಣ್ಣದ ಕತ್ತಿನ ಸಿಲಿಂಡರು ಅಂಗಡಿಯ ಮೂಲೆಯಲ್ಲಿದೆ. ಅದನ್ನು ಅವತ್ತಿನಿಂದ ತೆರೆದಿಲ್ಲ. ಸುಣ್ಣದ ಮೇಲೆ ಅತ್ತೆಯ ಒಂದು ಬೆರಳಿನ ಗೆರೆ ಹಾಗೇ ಉಳಿದಿದೆ. ಮೊನ್ನೆ ನಾನು ಬುತ್ತಿ ಕೊಡಲು ಹೋದಾಗ ಹಿರಿಯೂರಿನ ಲಾರಿ ಬಂದಿತ್ತು. ಹೊಸ ಡ್ರೈವರು ಖಾಲಿ ಸಿಲಿಂಡರು ಉರುಳಿಸುತ್ತ ಮೂಲೆಗೆ ಕೈ ತೋರಿಸಿ, "ಅದನ್ನೂ ಕೊಡ್ರಿ ಅಣ್ಣ" ಎಂದ.

"ಅದು ಮೀಸಲು" ಎಂದರು ನನ್ನ ಗಂಡ.

"ಯಾರಿಗೆ?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ನಾನೇ ಹೇಳಿದೆ, "ನಮ್ಮತ್ತೆಗೆ ಕಣಪ್ಪ. ಅವರು ಬ್ಯಾಡ ಅಂದ ಗಾಳಿ ಅದು."